ಮಹಿಳೆಯರು ಮತ್ತು ತಾರತಮ್ಯದ ಕಾನೂನುಗಳು: ಸೂಲೂರು ಸೀಮೆಯ ನೆಲೆಯಿಂದ

ಲಿಂಗದ ಆಧಾರದ ಮೇಲೆ ಸರ್ಕಾರ ಭೇದ ಮಾಡಬಾರದೆಂದು ಭಾರತದ ಸಂವಿಧಾನ 1950ರಲ್ಲೇ ವಿಧಿಸಿತು. ಆದರೂ ಆಸ್ತಿ, ಮದುವೆ, ಮಕ್ಕಳ ಪೋಷಕತ್ವ, ದುಡಿಮೆ ಇವುಗಳ ಕಾನೂನಿನಲ್ಲಿ ಹೆಣ್ಣಿಗೊಂದು ಗಂಡಿಗೊಂದು ನಿಯಮ ಬಹುಕಾಲ ಉಳಿಯಿತು. ಕೆಲವು ಇಂದಿಗೂ ಉಳಿದಿವೆ. ಇವುಗಳಲ್ಲಿ ಎರಡು ಬಗೆ. ‘ಹೆಂಗಸು ಇದನ್ನು ಮಾಡಕೂಡದು’ ಎಂದು ನೇರವಾಗಿ ತಡೆಯುವುದು ಒಂದು ಬಗೆ. ಮನೆಯವರು ಏನನ್ನೂ ಬರೆದಿಡದೆ, ಏನನ್ನೂ ಕೇಳದೆ ಸುಮ್ಮನಿದ್ದಾಗ ತಾನಾಗಿ ಜಾರಿಗೆ ಬರುವ ನಿಯಮಗಳದು ಇನ್ನೊಂದು ಬಗೆ: ಉಯಿಲಿಲ್ಲದೆ ಸತ್ತವರ ಜಮೀನು ಯಾರಿಗೆ, ಮಗುವಿನ ಪರವಾಗಿ ಸಹಿ ಯಾರದು, ಮನೆಯ ಮುಖ್ಯಸ್ಥರು ಯಾರು ಎಂಬಂಥವು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಹೋರಾಟಕ್ಕೂ ಸಿಗುತ್ತದೆ. ಹೆಣ್ಣಿಗೆ ಹೆಚ್ಚಿನ ನಷ್ಟ ಮಾಡಿರುವುದು ಎರಡನೆಯದೇ. ಹೆಚ್ಚಿನ ಸಂಸಾರಗಳು ಉಯಿಲು ಬರೆಯುವುದಿಲ್ಲ, ಹೆಚ್ಚಿನ ಹೆಣ್ಣುಮಕ್ಕಳು ಕೋರ್ಟಿಗೆ ಹೋಗುವುದಿಲ್ಲ. ಆದ್ದರಿಂದ ಮೌನದ ವೇಳೆಯಲ್ಲಿ ಕಾನೂನು ಯಾರ ಪರ ನಿಲ್ಲುತ್ತದೆ ಎಂಬುದೇ ಅವರ ಪಾಲಿಗೆ ಕಾನೂನು. ಸುಧಾರಣೆಯ ವಾದವೂ ಅಲ್ಲಿಂದಲೇ ಹೊರಡಬೇಕು.

ಈ ಮಾತನ್ನು ಪರೀಕ್ಷಿಸಲು ತಮಿಳುನಾಡಿನ ಸೂಲೂರು ತಕ್ಕ ಜಾಗ. ಕೊಯಮತ್ತೂರಿನ ಪೂರ್ವಕ್ಕೆ ತಿರುಚ್ಚಿ ರಸ್ತೆಯಲ್ಲಿರುವ ಈ ಊರು ನೊಯ್ಯಲ್ ಹೊಳೆಯ ಬಯಲಿಗೆ ಸೇರಿದ್ದು. ಹಿಂದೆ ಇದನ್ನೊಳಗೊಂಡಿದ್ದ ಪಲ್ಲಡಂ 2009ರಲ್ಲಿ ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿತು, ಸೂಲೂರು ಕೊಯಮತ್ತೂರಿನಲ್ಲೇ ಉಳಿಯಿತು. ಸುತ್ತ ಸೋಮನೂರಿನ ವಿದ್ಯುತ್ ಮಗ್ಗಗಳು, ನೂಲಿನ ಗಿರಣಿಗಳು, ಇನ್ನೂ ಮುಂದೆ ಹೋದರೆ ತಿರುಪ್ಪೂರಿನ ಬನಿಯನ್ ಕಂಪನಿಗಳು. ನೇಯ್ಗೆಯ ದೇವಾಂಗರು, ಬೇಸಾಯದ ಒಕ್ಕಲಿಗರು ಸೇರಿದಂತೆ ಮನೆಯೊಳಗೆ ಕನ್ನಡ ಆಡುವ, ಕಚೇರಿಯಲ್ಲಿ ತಮಿಳು ಬರೆಯುವ ಕುಟುಂಬಗಳು ಕೊಂಗುನಾಡಿನಲ್ಲಿ ಹಲವು ತಲೆಮಾರುಗಳಿಂದ ನೆಲೆಸಿವೆ. 1799ರವರೆಗೆ ಈ ನಾಡು ಮೈಸೂರಿನ ಆಳಿಕೆಯಲ್ಲಿತ್ತು. ಆಮೇಲೆ ಮದ್ರಾಸ್ ಪ್ರಾಂತಕ್ಕೆ ಹೋಯಿತು. ಹೀಗೆ ಒಂದೇ ನುಡಿಯ, ಒಂದೇ ಬಗೆಯ ಆಚಾರದ ಜನ ಎರಡು ಸರ್ಕಾರಗಳ ಕಾನೂನಿಗೆ ಒಳಪಟ್ಟರು. ಆಚಾರ ಒಂದೇ ಇದ್ದು ಕಾನೂನು ಬೇರೆಯಾದಾಗ, ಹೆಣ್ಣಿನ ಬದುಕಿನಲ್ಲಿ ಕಾನೂನಿನ ಕೈವಾಡವೆಷ್ಟು ಎಂಬುದು ಬೇರ್ಪಟ್ಟು ಕಾಣುತ್ತದೆ.

ಕೊಳ್ಳೇಗಾಲದ ಉದಾಹರಣೆ ಇದನ್ನು ತೋರಿಸುತ್ತದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಕಾವೇರಿಯ ಆಚೆ ದಡದ ಮಳವಳ್ಳಿ ಮೈಸೂರು ಸಂಸ್ಥಾನದ್ದು. ಮೈಸೂರು 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ತಂದು, ಮನೆ ಪಾಲಾಗುವಾಗ ವಿಧವೆಗೂ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಅಂಶವನ್ನು ಕೊಟ್ಟಿತು. ಅದು ಗಂಡುಮಕ್ಕಳ ಸಮನಾದ ಪಾಲಲ್ಲ. ಆದರೂ ಜೀವನಾಂಶ ಬೇಡುವ ಸ್ಥಿತಿಯಿಂದ ಪಾಲು ಕೇಳುವ ಸ್ಥಿತಿಗೆ ಹೆಣ್ಣನ್ನು ತಂದಿತು. ಬ್ರಿಟಿಷ್ ಭಾರತದಲ್ಲಿ ಆ ಬಗೆಯ ಕಾಯ್ದೆ ಬಂದದ್ದು 1937ರಲ್ಲಿ, ಅದೂ ವಿಧವೆಗೆ ಮಾತ್ರ, ಅದೂ ಅವಳು ಬದುಕಿರುವವರೆಗೆ ಮಾತ್ರ. ಹೆಣ್ಣುಮಕ್ಕಳಿಗೆ ಅದರಲ್ಲಿ ಏನೂ ಇರಲಿಲ್ಲ. ಈ ಕಾಯ್ದೆ ಪ್ರಾಂತಗಳ ಸಾಗುವಳಿ ಜಮೀನಿಗೆ ಅನ್ವಯಿಸುವುದಿಲ್ಲವೆಂದು 1941ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ಮದ್ರಾಸ್ ಸರ್ಕಾರ ಅದನ್ನು ಜಮೀನಿಗೂ ವಿಸ್ತರಿಸಿದ್ದು 1947ರಲ್ಲಿ. ಹೊಲವೇ ಆಸ್ತಿಯಾದ ನಾಡಿನಲ್ಲಿ ಹೊಲವನ್ನು ಬಿಟ್ಟು ಕೊಟ್ಟ ಹಕ್ಕು ಎಷ್ಟರದು? ಆ ವರ್ಷಗಳಲ್ಲಿ ಹೊಳೆಯ ಎರಡೂ ದಡದ ವಿಧವೆಯರು ಆಡುತ್ತಿದ್ದ ಭಾಷೆ ಒಂದೇ. ಜಮೀನಿನ ಮೇಲೆ ಒಬ್ಬಳಿಗೆ ಹಕ್ಕಿತ್ತು, ಇನ್ನೊಬ್ಬಳಿಗೆ ಇರಲಿಲ್ಲ.

ಕೊಂಗುನಾಡಿನಿಂದಲೇ ಈ ವ್ಯವಸ್ಥೆಗೆ ಬಲವಾದ ಪ್ರತಿರೋಧವೂ ಎದ್ದಿತು. ಅಂದಿನ ಕೊಯಮತ್ತೂರು ಜಿಲ್ಲೆಯ ಈರೋಡಿನಲ್ಲಿ, ಕನ್ನಡ ಮನೆಮಾತಿನ ಬಲಿಜ ಕುಟುಂಬದಲ್ಲಿ 1879ರಲ್ಲಿ ಹುಟ್ಟಿದ ಇ. ವೆ. ರಾಮಸ್ವಾಮಿ ಪೆರಿಯಾರ್ ಅವರ ಸ್ವಾಭಿಮಾನ ಚಳವಳಿ 1929ರ ಫೆಬ್ರುವರಿಯಲ್ಲಿ ಚೆಂಗಲ್ಪಟ್ಟಿನಲ್ಲಿ ತನ್ನ ಮೊದಲ ಪ್ರಾಂತೀಯ ಸಮ್ಮೇಳನ ನಡೆಸಿ, ಹೆಣ್ಣಿಗೆ ಗಂಡಿನ ಸಮನಾದ ಆಸ್ತಿ ಹಕ್ಕು ಬೇಕೆಂದು ಠರಾವು ಮಾಡಿತು. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳು ಅದೇ ಚಳವಳಿಯ ಕೊಡುಗೆ. 1953ರಲ್ಲಿ ಮದ್ರಾಸ್ ಹೈಕೋರ್ಟ್ ದೈವಾನೈ ಆಚ್ಚಿ ಪ್ರಕರಣದಲ್ಲಿ ಅಂಥ ಮದುವೆ ಹಿಂದೂ ಕಾನೂನಿನಲ್ಲಿ ಊರ್ಜಿತವಲ್ಲವೆಂದಿತು. ತತ್ವ ನಂಬಿ ಮದುವೆಯಾದ ಗಂಡಿಗೆ ಈ ತೀರ್ಪಿನಿಂದ ತಟ್ಟಿದ್ದು ಕಡಿಮೆ. ಹೆಂಡತಿಯ ಸ್ಥಾನ ಮತ್ತು ಮಕ್ಕಳ ವಾರಸಿಕೆ ಎರಡೂ ತೂಗಾಡಿದವು. 1967ರ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಂ ಸೇರಿಸಿ, ಹಿಂದೆ ಆಗಿಹೋಗಿದ್ದ ಮದುವೆಗಳನ್ನೂ ಊರ್ಜಿತಗೊಳಿಸಿತು. ಹಿಂದಿನವರನ್ನೂ ಒಳಗೆ ತಂದ ಆ ನಡೆ ಮುಂದಿನ ಆಸ್ತಿ ಸುಧಾರಣೆಗಳಿಗೆ ಮಾದರಿಯಾಗಬೇಕಿತ್ತು. ಆಗಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ದೊಡ್ಡ ಹೆಜ್ಜೆಯೇ. ಅದರ 14ನೆಯ ಕಲಂ ಹೆಣ್ಣಿನ ಜೀವಿತಾವಧಿಯ ಹಕ್ಕನ್ನು ಪೂರ್ಣ ಒಡೆತನವನ್ನಾಗಿಸಿತು. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ದಾಯಾದಿ ಹಕ್ಕನ್ನು 6ನೆಯ ಕಲಂ ಗಂಡುಮಕ್ಕಳಿಗಷ್ಟೇ ಉಳಿಸಿತು. 23ನೆಯ ಕಲಂ ಪ್ರಕಾರ ಗಂಡು ವಾರಸುದಾರರು ಪಾಲು ಮಾಡಿಕೊಳ್ಳಲು ಮನಸ್ಸು ಮಾಡುವವರೆಗೆ ವಾಸದ ಮನೆಯಲ್ಲಿ ಹೆಣ್ಣು ಪಾಲು ಕೇಳುವಂತಿರಲಿಲ್ಲ. ಅಂಬೇಡ್ಕರ್ ಅವರು ಹಿಂದೂ ಕೋಡ್ ಬಿಲ್ ನೆನೆಗುದಿಗೆ ಬಿದ್ದ ನೋವಿನಲ್ಲಿ 1951ರಲ್ಲಿ ಮಂತ್ರಿ ಪದವಿ ಬಿಟ್ಟದ್ದನ್ನು ನೆನೆದರೆ, ಐದು ವರ್ಷದ ಮೇಲೆ ಬಂದ ಕಾಯ್ದೆಯಲ್ಲಿ ಬಿಟ್ಟುಹೋದದ್ದರ ತೂಕ ಅರ್ಥವಾಗುತ್ತದೆ.

ಬಿಟ್ಟುಹೋದದ್ದನ್ನು ತುಂಬಲು ಹೊರಟವರಲ್ಲಿ ಆಂಧ್ರಪ್ರದೇಶದ ಬೆನ್ನಿಗೆ ತಮಿಳುನಾಡು ಬಂತು. 1989ರ ಮಾರ್ಚ್ 25ರಿಂದ ಅಲ್ಲಿ ಮಗಳೂ ಹುಟ್ಟಿನಿಂದ ದಾಯಾದಿ. ಕರ್ನಾಟಕ ಅದನ್ನೇ 1994ರ ಜುಲೈ 30ರಿಂದ ಜಾರಿಗೆ ತಂದಿತು. ಎರಡರಲ್ಲೂ ಒಂದು ಷರತ್ತು: ಆ ತಾರೀಖಿಗೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಈ ಹಕ್ಕಿಲ್ಲ. ಸೂಲೂರಿನ ಒಂದೇ ಮನೆಯಲ್ಲಿ 1988ರಲ್ಲಿ ಮದುವೆಯಾದ ಅಕ್ಕನಿಗೆ ಪಿತ್ರಾರ್ಜಿತದಲ್ಲಿ ಪಾಲಿರಲಿಲ್ಲ, 1990ರಲ್ಲಿ ಮದುವೆಯಾದ ತಂಗಿಗೆ ಇತ್ತು. ಅದೇ ಅಕ್ಕನನ್ನು 1992ರಲ್ಲಿ ಗಡಿಯಾಚೆಯ ಚಾಮರಾಜನಗರದ ಕಡೆಗೆ ಮದುವೆ ಮಾಡಿದ್ದರೂ ತಮಿಳುನಾಡಿನ ತವರಿನಲ್ಲಿ ಪಾಲು ಸಿಗುತ್ತಿತ್ತು. ಅದೇ ವರ್ಷ ಚಾಮರಾಜನಗರದಿಂದ ಸೂಲೂರಿಗೆ ಬಂದ ಸೊಸೆಗೆ ತನ್ನ ಕರ್ನಾಟಕದ ತವರಿನಲ್ಲಿ ಸಿಗುತ್ತಿರಲಿಲ್ಲ. ಅಣ್ಣತಮ್ಮಂದಿರಿಗೆ ಮದುವೆಯ ತಾರೀಖನ್ನು ಯಾವ ಕಾನೂನೂ ಕೇಳಲಿಲ್ಲ. ಮದುವೆಯಾದವಳು ತವರಿಗೆ ಹೊರಗಿನವಳು ಎಂಬ ಹಳೆಯ ಎಣಿಕೆಯನ್ನೇ ಸುಧಾರಣೆಯ ಕಾಯ್ದೆ ಅಚ್ಚು ಹಾಕಿಸಿಕೊಟ್ಟಿತು.

ಈ ಷರತ್ತನ್ನು ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ತೆಗೆದುಹಾಕಿತು. ವಾಸದ ಮನೆಯ 23ನೆಯ ಕಲಮೂ ಹೋಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲು, ಮಾರಾಟಗಳನ್ನು ಅದು ಮುಟ್ಟಲಿಲ್ಲ. ಆಗಿಹೋದ ವ್ಯವಹಾರ ಕದಲಿಸಬಾರದೆಂಬ ಕಾರಣ ನ್ಯಾಯವಾದದ್ದೇ. ಆದರೆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ 15 ವರ್ಷ ಹಿಡಿಯಿತು. ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಎರಡು ದಿಕ್ಕಿಗೆ ನಡೆಯಿತು: 2015ರ ಪ್ರಕಾಶ್ ವಿರುದ್ಧ ಫುಲಾವತಿ ತೀರ್ಪಿನಲ್ಲಿ ಬದುಕಿರಬೇಕು ಎಂದಿತು, 2018ರ ದಾನಮ್ಮ ಪ್ರಕರಣದಲ್ಲಿ ಆಗಲೇ ತೀರಿಹೋಗಿದ್ದ ತಂದೆಯ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು: ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಆಯಸ್ಸಿನಿಂದಲ್ಲ. ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪಕೂಡದು ಎಂದೂ ಆ ಪೀಠ ಎಚ್ಚರಿಸಿತು. ಹಳೆಯ ತಾರೀಖಿನ ಪಾಲುಪಟ್ಟಿ ತೋರಿಸಿ ಹೆಣ್ಣುಮಕ್ಕಳನ್ನು ಹೊರಗಿಡುವ ದಾರಿ ಅದರಿಂದ ಕಿರಿದಾಯಿತು. 2022ರ ಜನವರಿಯ ಅರುಣಾಚಲ ಗೌಂಡರ್ ತೀರ್ಪು ತಮಿಳುನಾಡಿನದು. 1938ರಲ್ಲಿ ಕೋರ್ಟ್ ಹರಾಜಿನಲ್ಲಿ ಕೊಂಡ ಜಮೀನು ಸ್ವಯಾರ್ಜಿತವಾದ್ದರಿಂದ, 1956ಕ್ಕೆ ಮೊದಲು ತೀರಿಕೊಂಡ ತಂದೆಯದಾದರೂ ಅದು ಅವನ ತಮ್ಮನ ಮಗನಿಗಲ್ಲ, ಒಬ್ಬಳೇ ಮಗಳಿಗೆ ಸೇರಬೇಕಿತ್ತು ಎಂದು ಕೋರ್ಟ್ ತೀರ್ಮಾನಿಸಿತು. ಆ ಮಗಳು ತೀರಿಕೊಂಡದ್ದು 1967ರಲ್ಲಿ.

ಇಷ್ಟೆಲ್ಲ ಆದ ಮೇಲೂ ಅದೇ 1956ರ ಕಾಯ್ದೆಯ 15ನೆಯ ಕಲಂ ಹಾಗೆಯೇ ನಿಂತಿದೆ. ಜವಳಿ ನಾಡಿನಲ್ಲಿ ಅದರ ಪರಿಣಾಮ ಎಲ್ಲಕ್ಕಿಂತ ಕಟುವಾದದ್ದು. ಉಯಿಲು ಬರೆಯದೆ ಗಂಡಸು ಸತ್ತರೆ ಮಕ್ಕಳು, ಹೆಂಡತಿ, ತಾಯಿ ಮೊದಲ ಸಾಲಿನ ವಾರಸುದಾರರು. ಹೆಂಗಸು ಸತ್ತರೆ ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರೂ ಇಲ್ಲದಿದ್ದರೆ ಮಾತ್ರ ಅವಳ ತಂದೆತಾಯಿ. ಮಕ್ಕಳಿಲ್ಲದಿದ್ದಾಗ ತವರಿನಿಂದ ವಾರಸಾಗಿ ಬಂದ ಆಸ್ತಿ ತವರಿಗೆ ಮರಳುತ್ತದೆ, ಗಂಡನ ಕಡೆಯದು ಅತ್ತ ಹೋಗುತ್ತದೆ. ಅವಳೇ ದುಡಿದು ಗಳಿಸಿದ್ದು ಮಾತ್ರ ಗಂಡನ ಕಡೆಯವರಿಗೆ. ಹೆಣ್ಣು ಸ್ವಂತಕ್ಕೆ ಗಳಿಸುವುದೇ ಅಪರೂಪವೆಂದು ಎಣಿಸಿದ ಕಾಲದ ನಿಯಮವಿದು. ಬನಿಯನ್ ಕಂಪನಿಯಲ್ಲಿ ಹೊಲಿದು, ಗಿರಣಿಯಲ್ಲಿ ನೂಲು ತೆಗೆದು, ಕೂಡಿಟ್ಟ ಸಂಬಳದಲ್ಲಿ ಒಂದು ನಿವೇಶನ ಕೊಂಡ ಮಕ್ಕಳಿಲ್ಲದ ವಿಧವೆಯನ್ನು ಊಹಿಸಿಕೊಳ್ಳಿ. ಅವಳನ್ನು ಕೊನೆಯವರೆಗೆ ನೋಡಿಕೊಂಡ ತಾಯಿ ಬದುಕಿದ್ದರೂ ಆ ನಿವೇಶನ ಮೈದುನನಿಗೆ ಹೋಗುತ್ತದೆ. 2009ರ ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣದಲ್ಲಿ ನಡೆದದ್ದು ಇದೇ. ಮದುವೆಯಾದ ಮೂರು ತಿಂಗಳಲ್ಲಿ ಗಂಡನನ್ನು ಕಳೆದುಕೊಂಡು, ಗಂಡನ ಮನೆಯವರು ಹೊರಹಾಕಿದ ಮೇಲೆ ತವರಿನಲ್ಲಿ ಓದಿ ಕೆಲಸ ಹಿಡಿದ ಮಹಿಳೆಯ ಬ್ಯಾಂಕ್ ಠೇವಣಿ, ಭವಿಷ್ಯನಿಧಿ ಎಲ್ಲವೂ ಅವಳ ಗಂಡನ ಅಕ್ಕತಂಗಿಯ ಮಕ್ಕಳ ಪಾಲಾಯಿತು. ಕಾಯ್ದೆಯ ಮಾತು ಸ್ಪಷ್ಟವಾಗಿದೆ, ಅನುಕಂಪಕ್ಕೆ ಎಡೆಯಿಲ್ಲ ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಉಯಿಲು ಬರೆದಿದ್ದರೆ ಆಯಿತಲ್ಲ ಎನ್ನಬಹುದು. ಬರೆಯದೆ ಸತ್ತ ಗಂಡಸಿಗೆ ಈ ಶಿಕ್ಷೆ ಇಲ್ಲ. ಅವನ ಗಳಿಕೆ ಅವನ ರಕ್ತಸಂಬಂಧಿಗಳಿಗೇ ಹೋಗುತ್ತದೆ. ಹೆಣ್ಣು ಮಾತ್ರ ಉಯಿಲು ಬರೆದು ಕಾನೂನಿನಿಂದ ತಪ್ಪಿಸಿಕೊಳ್ಳಬೇಕು.

ಪೋಷಕತ್ವದಲ್ಲೂ ಇದೇ ಕ್ರಮ. 1956ರ ಇನ್ನೊಂದು ಕಾಯ್ದೆ ಅಪ್ರಾಪ್ತ ಮಗುವಿನ ಸಹಜ ಪೋಷಕನನ್ನಾಗಿ ಮೊದಲು ತಂದೆಯನ್ನು, ಅವನ ನಂತರ ತಾಯಿಯನ್ನು ಹೆಸರಿಸುತ್ತದೆ. ಕೊಯಮತ್ತೂರಿನಲ್ಲಿ ಹುಟ್ಟಿದ ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನ ರಿಸರ್ವ್ ಬ್ಯಾಂಕ್ ಬಾಂಡ್‌ಗೆ ತಾಯಿಯಾಗಿ ಹಾಕಿದ ಸಹಿ ಸಾಲದೆಂಬ ಉತ್ತರ ಬಂದಾಗ ಕೋರ್ಟಿಗೆ ಹೋದರು. 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದಾಗ ತಾಯಿಯೇ ಪೋಷಕಿ ಎಂದು ಕಲಂಗೆ ವಿಶಾಲ ಅರ್ಥ ಕೊಟ್ಟಿತು, ಕಲಮನ್ನು ರದ್ದುಮಾಡಲಿಲ್ಲ.

ದುಡಿಮೆಯ ಕಾನೂನಿನಲ್ಲಿ ಭೇದ ರಕ್ಷಣೆಯ ಹೆಸರಿನಲ್ಲಿ ಬಂತು. 1948ರ ಕಾರ್ಖಾನೆ ಕಾಯ್ದೆಯ 27ನೆಯ ಕಲಂ, ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಯಂತ್ರ ಓಡುವ ಭಾಗದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಒಟ್ಟಿಗೆ ಸೇರಿಸಿ ಹೊರಗಿಟ್ಟಿತು. 66ನೆಯ ಕಲಂ ಸಂಜೆ 7ರಿಂದ ಬೆಳಗಿನ 6ರವರೆಗೆ ಹೆಂಗಸರ ಕೆಲಸ ನಿಷೇಧಿಸಿತು. ಯಂತ್ರವನ್ನೂ ರಾತ್ರಿಯನ್ನೂ ಸುರಕ್ಷಿತಗೊಳಿಸುವ ಹೊಣೆ ಮಾಲೀಕನ ಮೇಲೆ ಬೀಳಬೇಕಿತ್ತು. ಅದರ ಬದಲು ಕೂಲಿಯ ಅವಕಾಶವನ್ನು ಹೆಣ್ಣು ಬಿಟ್ಟುಕೊಟ್ಟಳು. 2000ದ ಡಿಸೆಂಬರ್‌ನಲ್ಲಿ ಆರ್. ವಸಂತಾ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ರಾತ್ರಿಪಾಳಿಯ ನಿಷೇಧವನ್ನು ಅಸಾಂವಿಧಾನಿಕವೆಂದು ರದ್ದುಮಾಡಿತು. ಜೊತೆಗೆ ಸಾರಿಗೆ, ಸುರಕ್ಷತೆ, ವಿಶ್ರಾಂತಿಯ ಬಗ್ಗೆ ಷರತ್ತುಗಳನ್ನೂ ವಿಧಿಸಿತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಾಗಿ, ಹೆಣ್ಣಿನ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡಿನ ಮೇಲೆ ರಾತ್ರಿಪಾಳಿಯನ್ನು ದೇಶಕ್ಕೆಲ್ಲ ತೆರೆದಿದೆ.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ನಿಷೇಧ ತೆಗೆದದ್ದು ಹೆಣ್ಣಿಗೋ ಗಿರಣಿಗೋ? ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಸೀಮೆಯ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಹೆಸರಿನ ಯೋಜನೆ ನಡೆದುಬಂದದ್ದು ದಾಖಲಾಗಿದೆ: ಬಡ ಮನೆಗಳ ಮದುವೆಯಾಗದ ಹುಡುಗಿಯರನ್ನು ಸಾಮಾನ್ಯವಾಗಿ ಮೂರು ವರ್ಷದ ಕರಾರಿನ ಮೇಲೆ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಒಂದು ಗಂಟು ಹಣ ಕೊಡುವುದು. ಆ ಹಣ ಹೋಗುತ್ತಿದ್ದುದು ಮದುವೆಯ ಖರ್ಚಿಗೆ, ವರದಕ್ಷಿಣೆಗೆ. ನೆದರ್‌ಲ್ಯಾಂಡ್ಸ್‌ನ ಸೋಮೋ ಮತ್ತು ಐಸಿಎನ್ ಸಂಸ್ಥೆಗಳ 2011ರ ವರದಿ ದೀರ್ಘ ಪಾಳಿ, ಹೊರಹೋಗಲು ಇಲ್ಲದ ಸ್ವಾತಂತ್ರ್ಯ, ಅವಧಿಗೆ ಮೊದಲೇ ಬಿಟ್ಟವರಿಗೆ ತಪ್ಪಿಹೋದ ಗಂಟಿನ ಬಗ್ಗೆ ವಿವರಿಸಿತು. ವರದಕ್ಷಿಣೆ 1961ರಿಂದ ಅಪರಾಧ. ಬಾಲ್ಯ ದುಡಿಮೆಗೂ ಜೀತಕ್ಕೂ ಬೇರೆಬೇರೆ ಕಾಯ್ದೆಗಳಿವೆ. ಹಾಸ್ಟೆಲಿನ ಗೇಟಿನೊಳಗಿರುವ ಹದಿನೇಳು ಹದಿನೆಂಟರ ಹುಡುಗಿಯಿಂದ ಪಡೆದ ರಾತ್ರಿಪಾಳಿಯ ಒಪ್ಪಿಗೆ ಎಷ್ಟು ಒಪ್ಪಿಗೆ ಎಂಬ ಸಂಶಯ ನ್ಯಾಯವಾದದ್ದು. ಆದರೆ ಈ ಸಂಶಯ ಹಳೆಯ ನಿಷೇಧವನ್ನು ಸಮರ್ಥಿಸುವುದಿಲ್ಲ. ರಾತ್ರಿಯ ಕೆಲಸವನ್ನಷ್ಟೇ ತಡೆಯುವ 66ನೆಯ ಕಲಂ ಆ ಹುಡುಗಿಯರನ್ನು ಹಾಸ್ಟೆಲಿನ ಗೇಟಿನಿಂದಾಗಲಿ ತಪ್ಪಿಹೋಗುವ ಗಂಟಿನಿಂದಾಗಲಿ ಕಾಪಾಡುವಂತಿರಲಿಲ್ಲ. ಅವರಿಗೆ ಬೇಕಾದದ್ದು ತಿಂಗಳಿಗೆ ತಿಂಗಳ ಪೂರ್ತಿ ಸಂಬಳ ತಮ್ಮದೇ ಖಾತೆಗೆ, ಹೊರಹೋಗುವ ಸ್ವಾತಂತ್ರ್ಯ, ಸಂಘ ಕಟ್ಟುವ ಹಕ್ಕು, ಹೇಳದೆ ಬಂದು ನೋಡುವ ಕಾರ್ಖಾನೆ ಇನ್ಸ್‌ಪೆಕ್ಟರು. ಇನ್ನೊಂದನ್ನೂ ಸೇರಿಸಬೇಕು. ತವರಿನ ಆಸ್ತಿಯಲ್ಲಿ ಪಾಲು ನಿಶ್ಚಿತವಾಗಿದ್ದರೆ ಮದುವೆಗೆಂದು ಮೂರು ವರ್ಷ ತನ್ನನ್ನೇ ಒತ್ತೆಯಿಡಬೇಕಾದ ಒತ್ತಡ ತುಂಡು ಹೊಲವಾದರೂ ಇದ್ದ ಮನೆಗಳಲ್ಲಿ ಕಡಿಮೆಯಾಗುತ್ತದೆ. ಆಸ್ತಿಯ ಕಾನೂನು, ಕೂಲಿಯ ಕಾನೂನು ಎಂದು ನಾವು ಬೇರೆ ಮಾಡಿ ಓದುವುದು ಆ ಹುಡುಗಿಯ ಬದುಕಿನಲ್ಲಿ ಕೂಡಿಕೊಂಡಿರುತ್ತದೆ.

ಕಾನೂನು ಬದಲಾದರೂ ಮನಸ್ಸು ಬದಲಾಗುವುದಿಲ್ಲ ಎಂಬುದು ಹೆಚ್ಚು ಕೇಳಿಬರುವ ಆಕ್ಷೇಪ. ಇದಕ್ಕೆ ಉತ್ತರ ಅಂಕಿಅಂಶಗಳಲ್ಲಿದೆ. ಕರ್ನಾಟಕ ಮತ್ತು ಮಹಾರಾಷ್ಟ್ರದ 1994ರ ತಿದ್ದುಪಡಿಗಳ ಪರಿಣಾಮವನ್ನು ಕ್ಲಾಸ್ ಡೈನಿಂಗರ್, ಅಪರಾಜಿತಾ ಗೋಯಲ್, ಹರಿ ನಾಗರಾಜನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದರು: ಹೆಣ್ಣುಮಕ್ಕಳು ಜಮೀನು ಪಡೆಯುವ ಸಂಭವ ಹೆಚ್ಚಿತು, ಅವರ ಮದುವೆಯ ವಯಸ್ಸು ಏರಿತು, ಓದು ಹೆಚ್ಚಿತು, ಅಣ್ಣತಮ್ಮಂದಿರ ಸಮಕ್ಕೆ ಮಾತ್ರ ಬರಲಿಲ್ಲ. ತಿರುವನಂತಪುರದಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ನಡೆಸಿದ ಅಧ್ಯಯನದ ಪ್ರಕಾರ ಮನೆಯಾಗಲಿ ಜಮೀನಾಗಲಿ ಇಲ್ಲದ ಹೆಂಗಸರಲ್ಲಿ 49% ಮಂದಿ ಗಂಡನಿಂದ ದೀರ್ಘಕಾಲ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ 7%. ಆದರೆ ಎದುರು ಪುರಾವೆಯೂ ಇದೆ. ಕಾಯ್ದೆ ಬಂದ ರಾಜ್ಯಗಳಲ್ಲಿ ತಂದೆಯರು ಬದುಕಿರುವಾಗಲೇ ಗಂಡುಮಕ್ಕಳಿಗೆ ಜಮೀನನ್ನು ದಾನಪತ್ರ ಮಾಡಿಕೊಟ್ಟದ್ದನ್ನು ಸಂಚಾರಿ ರಾಯ್ ಅವರ ಅಧ್ಯಯನ ಗುರುತಿಸಿತು. ಸೋನಿಯಾ ಭಲೋತ್ರಾ, ರೇಚಲ್ ಬ್ರೂಲೆ ಮತ್ತು ರಾಯ್ ಅವರ ಇನ್ನೊಂದು ಅಧ್ಯಯನ ಹೆಣ್ಣು ಭ್ರೂಣಹತ್ಯೆ ಹೆಚ್ಚಿತೆಂಬ ಕಠೋರ ನಿರ್ಣಯಕ್ಕೆ ಬಂತು. ಇದರಿಂದ ಹಕ್ಕು ಕೊಡಬಾರದು ಎಂದಾಗುತ್ತದೆಯೇ? ಹೆಣ್ಣಿಗೆ ಪಾಲು ಸಿಗುತ್ತದೆಂಬ ಭಯಕ್ಕೆ ಹೆಣ್ಣನ್ನೇ ಇಲ್ಲವಾಗಿಸುವ ಮನೆಗೆ ಕಾನೂನು ಸೋತುಕೊಟ್ಟರೆ, ಆ ಅಪರಾಧವೇ ಕಾಯ್ದೆಯನ್ನು ಬರೆದಂತಾಗುತ್ತದೆ. ಈ ಪುರಾವೆ ಹೇಳುವುದು ಬೇರೆ: ಮಗ ಮುಪ್ಪಿನಲ್ಲಿ ನೋಡಿಕೊಳ್ಳುತ್ತಾನೆ, ಮಗಳು ಆಸ್ತಿಯನ್ನು ಹೊರಗೆ ಒಯ್ಯುತ್ತಾಳೆ ಎಂಬ ಲೆಕ್ಕ ಇನ್ನೂ ಗಟ್ಟಿಯಾಗಿದೆ, ಮತ್ತು 15ನೆಯ ಕಲಮಿನಂಥ ನಿಯಮಗಳು ಮಗಳ ಗಳಿಕೆಯನ್ನು ಗಂಡನ ಮನೆಯತ್ತ ತಿರುಗಿಸಿ ಆ ಲೆಕ್ಕವನ್ನೇ ನಿಜಮಾಡುತ್ತಿವೆ.

ಹೊಲ ತುಂಡಾಗುತ್ತದೆ ಎಂಬ ವಾದ ನಾಲ್ವರು ಗಂಡುಮಕ್ಕಳ ನಡುವೆ ಹಂಚಿಹೋಗುವ ಹೊಲಕ್ಕೆ ಎಂದೂ ಅಡ್ಡ ಬಂದಿಲ್ಲ. ಮದುವೆಯಲ್ಲಿ ಕೊಟ್ಟ ಒಡವೆಯೇ ಅವಳ ಪಾಲು ಎಂಬ ವಾದವೂ ನಿಲ್ಲುವುದಿಲ್ಲ: ಒಡವೆ ಗಿರವಿಗೆ ಹೋಗುತ್ತದೆ, ವರದಕ್ಷಿಣೆ ಅತ್ತೆಮನೆಯ ಕೈಗೆ ಹೋಗುತ್ತದೆ, ಹೊಲ ಪಟ್ಟಾದಲ್ಲಿ ಹೆಸರಾಗಿ ಉಳಿಯುತ್ತದೆ. ತವರಿನ ಬಾಂಧವ್ಯ ಕೆಡುತ್ತದೆ ಎಂಬ ಮಾತಿನಲ್ಲಿ ಮಾತ್ರ ಹೆಣ್ಣುಮಕ್ಕಳದೇ ನೋವಿದೆ. ಅಣ್ಣನ ಮನೆಗೆ ಹಬ್ಬಕ್ಕೆ ಹೋಗುವ ದಾರಿ ಮುಚ್ಚಬಾರದೆಂದೇ ಅನೇಕರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಬಿಟ್ಟುಕೊಡುವುದೂ ಅವಳ ಹಕ್ಕೇ. ಆದರೆ ತಂದೆಯ ತಿಥಿ ಮುಗಿಯುವ ಮೊದಲೇ, ಪಾಲಿನ ಬೆಲೆ ಎಷ್ಟೆಂದು ತಿಳಿಸದೆ ಹಾಕಿಸಿದ ಸಹಿ ಬಿಟ್ಟುಕೊಟ್ಟದ್ದಲ್ಲ.

ವೈಯಕ್ತಿಕ ಕಾನೂನು ಧರ್ಮಕ್ಕೆ ಸೇರಿದ್ದು, ಶಾಸನ ಕೈಹಾಕಬಾರದು ಎಂಬ ಆಕ್ಷೇಪಕ್ಕೆ 1952ರಲ್ಲಿ ವರದಿಯಾದ ಬಾಂಬೆ ಹೈಕೋರ್ಟಿನ ನರಸು ಅಪ್ಪಾ ಮಾಲಿ ತೀರ್ಪು ಆಸರೆ. ಸಂಹಿತೆಗೊಳ್ಳದ ವೈಯಕ್ತಿಕ ಕಾನೂನನ್ನು ಮೂಲಭೂತ ಹಕ್ಕುಗಳ ಒರೆಗೆ ಹಚ್ಚಲಾಗದೆಂದು ಅದು ಹೇಳಿತ್ತು. ಹಿಂದೂ ಉತ್ತರಾಧಿಕಾರ ಸಂಸತ್ತೇ ಮಾಡಿದ ಕಾಯ್ದೆಯಾದ್ದರಿಂದ ಆ ಆಸರೆಯೂ ಅದಕ್ಕಿಲ್ಲ. ಇನ್ನು ಸಂಪ್ರದಾಯ ಒಂದೇ ಬಗೆಯದು ಎಂಬುದೂ ನಿಜವಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಅಳಿಯಸಂತಾನ ಪದ್ಧತಿಯಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಸಾಗಿದವು. 1949ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೂ ಕಾಯ್ದೆ ಮಾಡಿತು.

ಮೌನದ ವೇಳೆಯ ನಿಯಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಮನೆಮನೆಯಲ್ಲೂ ಒಂದು ಸಾಕ್ಷಿಯಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಂ ಪಡಿತರ ಚೀಟಿಗೆ ಮನೆಯ ಹಿರಿಯ ಮಹಿಳೆಯೇ ಮುಖ್ಯಸ್ಥೆ ಎಂದಿತು. ಕರ್ನಾಟಕದ ಗೃಹಲಕ್ಷ್ಮಿ ಯೋಜನೆ 2023ರಿಂದ ತಿಂಗಳಿಗೆ 2,000 ರೂಪಾಯಿಯನ್ನು ಆ ಚೀಟಿಯ ಯಜಮಾನಿಗೆ ಕೊಡುತ್ತಿದೆ. ಯಾವ ಹೆಂಗಸೂ ಮುಖ್ಯಸ್ಥೆಯಾಗಲು ಗಂಡನೊಡನೆ ವಾದಿಸಬೇಕಾಗಲಿಲ್ಲ, ಮನೆ ಒಡೆಯಲೂ ಇಲ್ಲ. ಆಸ್ತಿಯಲ್ಲಿ ಇದೇ ಕೆಲಸವನ್ನು ತಮಿಳುನಾಡು ರಿಯಾಯಿತಿಯ ದಾರಿಯಲ್ಲಿ ಶುರುಮಾಡಿದೆ: 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿವರೆಗಿನ ಸ್ವತ್ತು ಹೆಣ್ಣಿನ ಹೆಸರಿಗೆ ನೋಂದಣಿಯಾದರೆ ಶುಲ್ಕದಲ್ಲಿ 1% ಕಡಿತ. ವಿಶ್ವಬ್ಯಾಂಕಿನ 2024ರ ವರದಿ ಜಗತ್ತಿನಲ್ಲಿ ಹೆಂಗಸರಿಗೆ ಗಂಡಸರ ಕಾನೂನು ರಕ್ಷಣೆಯ 64% ಮಾತ್ರ ಇದೆ, ಅದನ್ನು ಜಾರಿಗೆ ತರುವ ವ್ಯವಸ್ಥೆ 40% ಕೂಡ ಇಲ್ಲ ಎಂದು ಲೆಕ್ಕ ಹಾಕಿತು. ಸೂಲೂರಿನಲ್ಲಿ ಆ ಎರಡನೆಯ ಕೊರತೆ ತಹಶೀಲ್ದಾರರ ವಾರಸುದಾರರ ಪ್ರಮಾಣಪತ್ರದಲ್ಲಿ ಇದೆ, ಗಡಿಯಾಚೆ ಕರ್ನಾಟಕದಲ್ಲಿ ವಂಶವೃಕ್ಷ ಮತ್ತು ಪೌತಿ ಖಾತೆಯಲ್ಲಿ ಇದೆ. ಸಾವಿನ ನೋಂದಣಿಯಾದೊಡನೆ ಅರ್ಜಿಗೆ ಕಾಯದೆ ಎಲ್ಲ ಹೆಣ್ಣುಮಕ್ಕಳ ಹೆಸರನ್ನೂ ಖಾತೆಗೆ ಸೇರಿಸಬೇಕು. ಹಕ್ಕು ಬಿಡುಗಡೆ ಪತ್ರವನ್ನು ಆಮೇಲೆ ಒಂದು ಅವಧಿ ಕಳೆಯದೆ ನೋಂದಾಯಿಸಬಾರದು. ಪಾಲಿನ ಮಾರುಕಟ್ಟೆ ಬೆಲೆ ಅದರಲ್ಲಿ ಕಾಣಬೇಕು. ಕಾಯ್ದೆಯಲ್ಲಿ ಮೊದಲು ತಿದ್ದಬೇಕಾದ್ದು 15ನೆಯ ಕಲಂ. ಕಾನೂನು ಆಯೋಗ 2008ರ ತನ್ನ 207ನೆಯ ವರದಿಯಲ್ಲಿ, ಮಕ್ಕಳೂ ಗಂಡನೂ ಇಲ್ಲದೆ ಸತ್ತ ಹೆಣ್ಣಿನ ಸ್ವಯಾರ್ಜಿತ ಅವಳ ತವರಿನವರಿಗೂ ಗಂಡನ ಕಡೆಯವರಿಗೂ ಸಮವಾಗಿ ಹೋಗಲೆಂದು ಶಿಫಾರಸು ಮಾಡಿತ್ತು. ಅದೂ ಅರ್ಧ ನ್ಯಾಯವೇ. ಗಂಡಸಿನ ಗಳಿಕೆಯಲ್ಲಿ ಹೆಂಡತಿಯ ತವರಿಗೆ ಅರ್ಧ ಕೊಡಿ ಎಂದು ಯಾರೂ ಹೇಳಿಲ್ಲ. ಅವಳನ್ನು ಹೆತ್ತ ತಾಯಿ, ಗಂಡಸಿನ ತಾಯಿಯಂತೆಯೇ, ಮಕ್ಕಳು ಮತ್ತು ಗಂಡನ ಜೊತೆ ಮೊದಲ ಸಾಲಿನಲ್ಲಿ ನಿಲ್ಲಬೇಕು.